ಹೊಗಳಿದಾಗ ಏನೆನ್ನಬೇಕು: ಹುಮನಾಬಾದಿನ ತಂಗಿಗೆ

ತಂಗಿ, ನ್ಯೂಜಿಲೆಂಡಿನ ವೆಲ್ಲಿಂಗ್ಟನ್ನಿಗೆ ಹೊಸದಾಗಿ ಬಂದಿರುವ ನೀವು ಮನೆ ಬಾಡಿಗೆ, ಚಳಿ ಎಂದೆಲ್ಲ ಕೇಳಿದ ಮೇಲೆ ಕೊನೆಗೊಂದು ಪ್ರಶ್ನೆ ಸೇರಿಸಿದ್ದೀರಿ: ಸಹೋದ್ಯೋಗಿಗಳು ಉಡುಪನ್ನೋ ಕೆಲಸವನ್ನೋ ಹೊಗಳಿದಾಗ ‘ಥ್ಯಾಂಕ್ಯೂ’ ಎಂದರೆ ಸೊಕ್ಕೆನಿಸುವುದಿಲ್ಲವೇ, ಮುಂದೆ ಬರಲಿರುವ ನಿಮ್ಮ ಅವ್ವ ಏನೆನ್ನಬೇಕು? ಬಾಡಿಗೆ ಇಲ್ಲಿ ವಾರದ ಲೆಕ್ಕ. ಚಳಿಗಿಂತ ಗಾಳಿ ಹೆಚ್ಚು ಕಾಡುತ್ತದೆ, ಕೊಡೆಗೆ ದುಡ್ಡು ಹಾಕಬೇಡಿ.

ನಾನು ಬಂದ ಹೊಸತರಲ್ಲಿ ಇಳಕಲ್ ಸೀರೆ ಉಟ್ಟು ಆಫೀಸಿಗೆ ಹೋದಾಗ ಎದುರು ಮೇಜಿನವಳು ಬಹಳ ಚೆಂದವಿದೆ ಎಂದಳು. ಹಳೆಯದು ಎಂದೆ. ನನಗೆ ಸಮಾಧಾನ ಹೇಳಬೇಕೇನೋ ಎಂದುಕೊಂಡು ಅವಳು ಮತ್ತೆ ಹೊಗಳಿದಳು, ನಾನು ಮತ್ತೆ ಅಲ್ಲಗಳೆದೆ. ದೃಷ್ಟಿಯ ಅಂಜಿಕೆಯನ್ನೂ, ಹೊಗಳಿಕೆಯನ್ನು ಹೊನ್ನಶೂಲವೆನ್ನುವ ಶರಣರ ಸೀಮೆಯ ಸಂಕೋಚವನ್ನೂ ನಿಮಗೆ ಬಿಡಿಸಿ ಹೇಳಬೇಕಿಲ್ಲ; ಆದರೆ ಇಲ್ಲಿ ಅಲ್ಲಗಳೆದರೆ ಹೊಗಳಿದವರ ಕಣ್ಣನ್ನೇ ಸುಳ್ಳು ಮಾಡಿದಂತಾಗುತ್ತದೆ. 1980ರ ದಶಕದಲ್ಲಿ ಇದೇ ಊರಿನ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಜಾನೆಟ್ ಹೋಮ್ಸ್ ಅವರು ನ್ಯೂಜಿಲೆಂಡಿನವರ ಹೊಗಳಿಕೆಗಳನ್ನು ಕಲೆಹಾಕಿದಾಗ ಸುಮಾರು ಮುಕ್ಕಾಲು ಪಾಲು ಹೆಂಗಸರಿಗೇ ಸಂದಿದ್ದವು. ಒಪ್ಪಿಕೊಳ್ಳುವುದೇ ಹೆಚ್ಚಿನವರ ಉತ್ತರವಾಗಿತ್ತು. ಹಾಗೆಂದು ಜಂಬ ಇಲ್ಲಿಯವರಿಗೂ ಸೇರದು. ‘ಥ್ಯಾಂಕ್ಯೂ’ ಎಂದು, ಸೀರೆ ಎಲ್ಲಿ ನೇಯ್ದದ್ದೆಂದು ಒಂದು ಮಾತು ಸೇರಿಸಿದರೆ ಸಾಕು.

ನನ್ನನ್ನು ಈಗಲೂ ಕಾಡುವುದು ಬೇರೆ. ನಿಜಾಮರ ಕಾಲದ ಕಲಬುರಗಿಯಲ್ಲಿ ಬೆಳೆದ ನಮ್ಮ ಆಯಿ (ಅಜ್ಜಿ) ಶಾಲೆಯ ಮೆಟ್ಟಿಲು ಹತ್ತದಿದ್ದರೂ ಓಣಿಯ ಹೆಂಗಸರಿಂದ ಉರ್ದು ಕಲಿತಿದ್ದಳು. ಅವಳ ಶೇಂಗಾ ಹೋಳಿಗೆಯನ್ನು ಯಾರಾದರೂ ಹೊಗಳಿದರೆ ‘ಆಪ್ ಕೀ ದುವಾ’ ಎಂದು, ಒಪ್ಪದೆಯೂ ಅಲ್ಲಗಳೆಯದೆಯೂ, ಹೊಗಳಿದವರ ಹರಕೆಗೇ ಅದನ್ನು ಒಪ್ಪಿಸಿಬಿಡುತ್ತಿದ್ದಳು. 1956ರಲ್ಲಿ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡ ಶಾಲೆಗಳಲ್ಲಿ ಓದಿದ ನಮಗೆ ಇಂಗ್ಲಿಷ್ ಸಿಕ್ಕಿದ್ದು ಕರಿಹಲಗೆಯ ಮೇಲೆ. ವ್ಯಾಕರಣ ಬಂತು, ಆ ಭಾಷೆಯಲ್ಲಿ ನಮ್ಮನ್ನು ಯಾರೂ ಹೊಗಳಿರಲಿಲ್ಲವಾದ್ದರಿಂದ ಉತ್ತರ ಬರಲಿಲ್ಲ. ಆಯಿಯ ಉರ್ದುವನ್ನೂ ನಾವು ಕಲಿಯಲಿಲ್ಲ. ಇಲ್ಲೇ ಹುಟ್ಟಿದ ನನ್ನ ಮಗಳು ಸಲೀಸಾಗಿ ‘ಥ್ಯಾಂಕ್ಸ್’ ಎನ್ನುತ್ತಾಳೆ. ಊರಿಗೆ ಹೋದಾಗ ಅವಳ ಜಡೆಯನ್ನು ಹೊಗಳಿದ ನನ್ನ ಅವ್ವನಿಗೂ ಹಾಗೆಯೇ ಎಂದಳು. ಮೊಮ್ಮಗಳು ತನ್ನನ್ನು ಪರರ ಸಾಲಿಗೆ ಸೇರಿಸಿದಳೆಂದು ಅವ್ವ ಸಂಜೆಯವರೆಗೆ ಮುಖ ಕೊಟ್ಟು ಮಾತಾಡಲಿಲ್ಲ.

ನಿಮ್ಮ ಅವ್ವನನ್ನು ಡಿಸೆಂಬರಿನಲ್ಲಿ ಕರೆಸಿಕೊಳ್ಳಿ, ಇಲ್ಲಿ ಆಗ ಬೇಸಿಗೆ. ಬೀದರ್ ಕಡೆಯವರಾದ್ದರಿಂದ ಅವರಿಗೆ ಉರ್ದು ಬರುತ್ತಿರಬಹುದು. ಬಂದರೆ ನಮ್ಮ ಆಯಿಯ ರೀತಿಯಲ್ಲೇ ಉತ್ತರ ಕೊಡಲಿ, ನೀವು ಪಕ್ಕದಲ್ಲಿದ್ದು ಅದನ್ನು ಇಂಗ್ಲಿಷಿನಲ್ಲಿ ತಿಳಿಸಿ.