ಹೌದು, ತಂಬಾಕಿ ನಮ್ಮ ರೂಪಚಂದ್‌ನ ನೆಂಟ

ಮುಂದಿನ ತಿಂಗಳು ಬ್ರೆಜಿಲ್‌ನ ಮನೌಸ್‌ಗೆ ಹೋಗ್ತಿದ್ದೀರಿ, ಅಲ್ಲಿನ ತಂಬಾಕಿ ಮೀನು ಇಲ್ಲಿ ಸಿಗೋ ರೂಪಚಂದ್ ಮೀನೇನಾ, ಮುಳ್ಳು ಜಾಸ್ತಿಯಾ ಅಂತ ಕೇಳಿದ್ದೀರಿ. ಒಂದೇ ಅಲ್ಲ, ಒಂದೇ ಕುಟುಂಬದ್ದು. ನಮ್ಮ ಕೆರೆ, ಹೊಂಡಗಳಲ್ಲಿ ಸಾಕೋ ರೂಪಚಂದ್‌ಗೆ ಅಲ್ಲಿ ಪಿರಪಿಚಿಂಗ ಅಂತಾರೆ. ಅದೂ ಅಮೆಜಾನ್ ಕಡೆಯದೇ. (ಅದನ್ನೇ ಪಾಂಫ್ರೆಟ್ ಅಂತ ಮಾರೋರನ್ನ ಮಾತ್ರ ನಂಬಬೇಡಿ.) ಎರಡೂ ಪಿರಾನ್ಹಾದ ದಾಯಾದಿಗಳು, ಆದರೆ ಹಲ್ಲು ನೋಡಿದರೆ ಮನುಷ್ಯರ ದವಡೆ ಹಲ್ಲು ನೆನಪಾಗುತ್ತೆ.

ಆ ಹಲ್ಲು ಇರೋದು ಬೀಜ ಒಡೆಯೋಕೆ. ನೆರೆ ಬಂದು ಕಾಡು ಮುಳುಗಿದಾಗ ತಂಬಾಕಿ ಮರಗಳ ನಡುವೆ ಈಜಿ, ಉದುರಿದ ಹಣ್ಣು, ರಬ್ಬರ್ ಬೀಜ ತಿಂದು ಕೊಬ್ಬುತ್ತೆ. ಹಳೇ ಬೆಸ್ತರ ಉಪಾಯ ಕೇಳಿ: ಕೋಲಿನ ತುದಿಗೆ ದಾರ ಕಟ್ಟಿ, ಅದಕ್ಕೊಂದು ಗುಂಡು ಕಟ್ಟಿ ನೀರಿಗೆ 'ಡುಬುಕ್' ಅಂತ ಬಡೀತಾರೆ. ಹಣ್ಣು ಬಿತ್ತು ಅಂದ್ಕೊಂಡು ಮೀನು ಬರುತ್ತೆ, ಪಕ್ಕದಲ್ಲೇ ಗಾಳ ಕಾದಿರುತ್ತೆ! ಕಾಡಿನಲ್ಲಿ ಒಂದು ಮೀಟರ್ ಉದ್ದ, 30 ಕೆಜಿವರೆಗೂ ಬೆಳೆಯುತ್ತೆ. ಈಗ ಮಾರುಕಟ್ಟೆಗೆ ಬರೋದು ಹೆಚ್ಚಾಗಿ ಸಾಕಿದ್ದೇ, ಸೈಜೂ ಚಿಕ್ಕದು.

ಮುಳ್ಳಿನ ವಿಷಯ: ಬೆನ್ನಿನ ಭಾಗದಲ್ಲಿ ಕವಲು ಮುಳ್ಳುಗಳಿವೆ, ಹುಷಾರು. ಅದಕ್ಕೇ ಹೋಟೆಲಲ್ಲಿ ಪಕ್ಕೆ ಭಾಗ ಕೇಳಿ, ಅಲ್ಲಿ 'ಕೊಸ್ತೆಲಾ' ಅಂತಾರೆ. ಮೂಳೆ ದಪ್ಪ, ಮಟನ್ ಚಾಪ್ಸ್ ಥರ ಕೈಯಲ್ಲಿ ಹಿಡಿದೇ ತಿನ್ನಬಹುದು. ಕೆಂಡದ ಮೇಲೆ ಸುಟ್ಟು, ನಿಂಬೆ ಹಿಂಡಿ, ಮರಗೆಣಸಿನ ಹುರಿದ ಹಿಟ್ಟಿನ ಜತೆ ಕೊಡ್ತಾರೆ. ಖಾರ ಕಮ್ಮಿ ಅನ್ನಿಸಬಹುದು, ಉಪ್ಪಿನಕಾಯಿ ಡಬ್ಬಿ ಬ್ಯಾಗಲ್ಲಿರಲಿ.