ಕಾಫಿ ತೋಟದಲ್ಲಿ ಇಲಿ ಹಿಡಿದು ಮತ್ತೆ ಅಲ್ಲೇ ಬಿಡುತ್ತಾರಂತೆ, ಒಪ್ಪಬಹುದಾ?

ಕಾಲೇಜಿನ ಹುಡುಗರು ಬಂದು ನಿಮ್ಮ ಮೂಡಿಗೆರೆ ತೋಟದಲ್ಲಿ ಬೋನು ಇಡುತ್ತೇವೆ, ಸಿಕ್ಕಿದ ಇಲಿಗೆ ಗುರುತು ಹಾಕಿ ಅಲ್ಲೇ ಬಿಡುತ್ತೇವೆ ಅಂದರಂತೆ. ಸಿಕ್ಕ ಇಲಿಯನ್ನು ಬಿಡುವುದು ಯಾಕೆ, ಒಪ್ಪಬಹುದಾ, ಬಂಡೆ ಮೇಲೆ ಕಾಫಿ ಬೀಜದ ಗುಡ್ಡೆ ಹಾಕುವುದೂ ಇವುಗಳೇನಾ ಅಂತ ಕೇಳಿದ್ದೀರಿ. ನಾನು ಸಕಲೇಶಪುರದ ಕಡೆ ಇಂಥದ್ದೇ ತಂಡದಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿದ್ದವನು. ಹಾಗಾಗಿ ಹೇಳುತ್ತೇನೆ: ಒಪ್ಪಿ. ಆದರೆ ಮೂರ್ನಾಲ್ಕು ವಿಷಯ ಕೇಳಿಕೊಂಡು ಒಪ್ಪಿ.

ಬಿಡುವುದು ಕರುಣೆಯಿಂದಲ್ಲ, ಲೆಕ್ಕಕ್ಕೆ. ಮೊದಲ ಸಲ 20 ಇಲಿ ಸಿಕ್ಕವು, ಗುರುತು ಹಾಕಿ ಬಿಟ್ಟರು ಅಂದುಕೊಳ್ಳಿ. ಮತ್ತೊಂದು ಸಲ 25 ಸಿಕ್ಕವು, ಅದರಲ್ಲಿ 5ಕ್ಕೆ ಹಳೇ ಗುರುತಿದೆ. ಅಂದರೆ ಐದರಲ್ಲಿ ಒಂದು ಗುರುತಿನದು. ಮೊದಲು ಗುರುತು ಹಾಕಿದ 20 ಇಲಿ ಒಟ್ಟಿನ ಐದನೇ ಒಂದು ಭಾಗ ಅಂದ ಹಾಗಾಯಿತು, ಹಾಗಾದರೆ ಆ ಜಾಗದಲ್ಲಿ ಒಟ್ಟು ಸುಮಾರು 100 ಇರಬೇಕು. ಸಿಕ್ಕಿದ್ದನ್ನು ಕೊಂದುಬಿಟ್ಟರೆ ಈ ಲೆಕ್ಕವೇ ಇಲ್ಲ. ಒಂದು ಇಲಿ ಎಷ್ಟು ದೂರ ಓಡಾಡುತ್ತದೆ, ಮಳೆಗಾಲ ದಾಟಿ ಬದುಕಿತಾ ಅನ್ನುವುದೂ ಗೊತ್ತಾಗುವುದಿಲ್ಲ. ಎರಡನೇ ಸಲ ಸಿಕ್ಕ ಇಲಿಯೇ ಮಾಹಿತಿ.

ಇದರಲ್ಲೂ ತಮಾಷೆ ಇದೆ. ಕೆಲವು ಇಲಿಗಳು ಒಂದು ಸಲ ಬೋನಿನಲ್ಲಿಟ್ಟ ಕೊಬ್ಬರಿಯ ರುಚಿ ನೋಡಿದರೆ ಮುಗಿಯಿತು, ದಿನಾ ಸಂಜೆ ತಾವೇ ಬಂದು ಬೋನಿನಲ್ಲಿ ಕೂರುತ್ತವೆ. ಅದರಿಂದ ಲೆಕ್ಕ ಕಡಿಮೆ ಬರುತ್ತದೆ. ಕೆಲವು ಹೆದರಿ ಮತ್ತೆ ಆ ಕಡೆ ತಲೆ ಹಾಕುವುದೇ ಇಲ್ಲ. ಆಗ ಲೆಕ್ಕ ಜಾಸ್ತಿ ಬರುತ್ತದೆ. ಇದನ್ನು ಸರಿ ಮಾಡೋಕೆ ಬೇರೆ ಗಣಿತ ಇದೆ, ಅದು ಅವರ ತಲೆನೋವು, ಬಿಡಿ.

ಬೋನು ಅಂದರೆ ನಮ್ಮ ಅಡುಗೆಮನೆಯ ಕತ್ತರಿ ಬೋನಲ್ಲ. ಮಡಚುವ ಅಲ್ಯೂಮಿನಿಯಂ ಪೆಟ್ಟಿಗೆ, ಶೆರ್ಮನ್ ಬೋನು ಅಂತಾರೆ. ಇಲಿ ಒಳಗಿನ ತಗಡು ತುಳಿದ ಕೂಡಲೇ ಬಾಗಿಲು ಬೀಳುತ್ತದೆ, ಮೈಗೆ ಪೆಟ್ಟಾಗುವುದಿಲ್ಲ. ಬೆಳಿಗ್ಗೆ ಪೆಟ್ಟಿಗೆಯ ಬಾಯಿಗೆ ಬಟ್ಟೆ ಚೀಲ ಹಿಡಿದು ನಿಧಾನಕ್ಕೆ ಅಲ್ಲಾಡಿಸಿದರೆ ಇಲಿ ಚೀಲಕ್ಕೆ ಜಾರುತ್ತದೆ. ಚೀಲದ ಸಮೇತ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ತೂಕ, ಆಮೇಲೆ ಬಾಲ, ಕಿವಿ, ಹಿಂಗಾಲಿನ ಅಳತೆ. ಬಾಲವನ್ನಂತೂ ಬಿಡದೆ ನೋಡುತ್ತಾರೆ. ತುದಿಯ ಕಡೆ ಬಾಲ ಬೆಳ್ಳಗಿದ್ದರೆ ಅದು ಕಾಡಿನ ಬೇರೆಯೇ ಜಾತಿ, ಮನೆಯ ಇಲಿಯಲ್ಲ.

ಈಗ ಕೇಳಬೇಕಾದ ವಿಷಯ. ಬೆಳಿಗ್ಗೆ ಎಷ್ಟು ಹೊತ್ತಿಗೆ ಬೋನು ನೋಡುತ್ತಾರೆ? ಬಿಸಿಲೇರಿದ ಮೇಲೆ ಬರುತ್ತೇವೆ ಅಂದರೆ ಬೇಡ ಅನ್ನಿ. ತಗಡು ಕಾದರೆ ಒಳಗಿರುವುದು ಸಾಯುತ್ತದೆ. ಮೂಗಿಲಿ ಸಿಕ್ಕಿದ್ದರಂತೂ ಕಾಯುವ ಹಾಗೇ ಇಲ್ಲ. ಅದು ಇಲಿಯ ವಂಶವೇ ಅಲ್ಲ, ಹುಳ ಹುಪ್ಪಟೆ ತಿಂದು ಬದುಕುವ ಪ್ರಾಣಿ. ಸಣ್ಣ ಜಾತಿಯವಕ್ಕೆ ಕೆಲವೇ ಗಂಟೆ ಹೊಟ್ಟೆಗಿಲ್ಲದಿದ್ದರೂ ಜೀವ ಹೋಗುತ್ತದೆ. ಇರುವೆ ಕಾಟ ಬೇರೆ. ಕೊಬ್ಬರಿಗೆ ಮುತ್ತಿದ ಇರುವೆ ಒಳಗಿರುವ ಪ್ರಾಣಿಯನ್ನೂ ಬಿಡುವುದಿಲ್ಲ.

ಅನುಮತಿ ಪತ್ರ ತೋರಿಸಿ ಅನ್ನಿ. ತೋಟ ನಿಮ್ಮದಾದರೂ ಅಲ್ಲಿರುವ ಕಾಡುಪ್ರಾಣಿಗೆ 1972ರ ವನ್ಯಜೀವಿ ಕಾಯ್ದೆಯೇ. ಬೋನಿಗೆ ಏನು ಬೀಳುತ್ತದೆ ಅಂತ ಮೊದಲೇ ಹೇಳೋಕಾಗಲ್ಲ ಅಲ್ವಾ? ಅರಣ್ಯ ಇಲಾಖೆಯ ಕಾಗದ ಇದ್ದರೆ ನಿಮಗೂ ನಿಶ್ಚಿಂತೆ.

ನಿಮ್ಮ ಕಡೆಯಿಂದ ಇಷ್ಟು ಮಾಡಿ. ಆ ವಾರ ಇಲಿ ಪಾಷಾಣ ಇಡಬೇಡಿ, ನಾಯಿ ಕಟ್ಟಿಹಾಕಿ. ಕೆಲಸದವರಿಗೆ ಬೋನು ಮುಟ್ಟಬೇಡಿ ಅಂತ ಹೇಳಿ. ಇಲಿ ಜ್ವರ ಹರಡುವುದು ಅವುಗಳ ಮೂತ್ರದಿಂದ. ಮಂಗನ ಕಾಯಿಲೆ ಹರಡುವ ಉಣ್ಣೆಗಳೂ ಮರಿಯಾಗಿದ್ದಾಗ ಇಲಿ, ಮೂಗಿಲಿ, ಅಳಿಲುಗಳ ರಕ್ತ ಹೀರಿಯೇ ಬೆಳೆಯುತ್ತವೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆಯಿಂದ ಮಂಗಗಳು ಸತ್ತಿದ್ದರಿಂದ ಎಲ್ಲರ ಕಣ್ಣೂ ಮಂಗದ ಮೇಲೇ. ಈ ಸಣ್ಣವನ್ನು ಕೇಳುವವರು ಕಡಿಮೆ. ನನ್ನ ಪ್ರಕಾರ ಮಲೆನಾಡಿನಲ್ಲಿ ಇಲಿ ಲೆಕ್ಕ ಮಾಡೋಕೆ ಇದೊಂದೇ ಕಾರಣ ಸಾಕು.

ಇನ್ನೊಂದು ಮಾತು. ನೆಲದಲ್ಲಷ್ಟೇ ಬೋನು ಇಟ್ಟರೆ ಅರ್ಧ ಕೆಲಸ. ಕೆಲವನ್ನು ಮರಕ್ಕೂ ಕಟ್ಟಿ ಅಂತ ಹೇಳಿ. ಮಲಬಾರ್ ಸ್ಪೈನಿ ಡಾರ್ಮೌಸ್ ಅಂತ ಇಲಿಯಂಥ ಒಂದು ಪ್ರಾಣಿ ಇದೆ. ಬೆನ್ನ ಮೇಲೆ ಚಪ್ಪಟೆ ಮುಳ್ಳು, ಬಾಲದ ತುದಿಯಲ್ಲಿ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹತ್ತಿರದ ಬಂಧುಗಳು ಇರುವುದು ದೂರದ ಚೀನಾ, ವಿಯೆಟ್ನಾಂ ಕಡೆ. ಇದು ರಾತ್ರಿ ಕೊಂಬೆಗಳ ಮೇಲೇ ಓಡಾಡಿಕೊಂಡು ಪೊಟರೆಯಲ್ಲಿ ಗೂಡು ಮಾಡುವ ಪ್ರಾಣಿ. ಹಳೇ ಕಾಡುಮರ ಕಡಿಸಿ ಬರೀ ಸಿಲ್ವರ್ ಓಕ್ ನೆಟ್ಟ ತೋಟದಲ್ಲಿ ಪೊಟರೆ ಎಲ್ಲಿಂದ ಬರಬೇಕು? ನಿಮ್ಮಲ್ಲಿ ಹಳೇ ಮರಗಳಿದ್ದರೆ ಅವರಿಗೆ ಮೊದಲು ಅದನ್ನೇ ತೋರಿಸಿ.

ಬಂಡೆ ಮೇಲಿನ ಗುಡ್ಡೆ ಇಲಿಯದಲ್ಲ. ಇಲಿ ಹಲ್ಲಿನಿಂದ ಕೆರೆಯುತ್ತದೆ, ಚೂರು ಬೀಳುತ್ತದೆ. ಬೀಜ ಪೂರ್ತಿಯಾಗಿ, ಒಂದಕ್ಕೊಂದು ಅಂಟಿಕೊಂಡು ಬಿದ್ದಿದ್ದರೆ ಅದು ಪುನುಗು ಬೆಕ್ಕಿನ ಹಿಕ್ಕೆ. ಹಣ್ಣಾದದ್ದನ್ನೇ ಆರಿಸಿ ನುಂಗಿ ಬೀಜ ಹೊರಗೆ ಹಾಕುತ್ತದೆ. ಈ ಸಣ್ಣ ಬೋನುಗಳೊಳಗೆ ಅದು ತೂರುವುದಿಲ್ಲ. ಅವರ ಹತ್ತಿರ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರಿಗೆ ಬಂದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ, ಇದ್ದರೆ ಆ ಬಂಡೆ ಪಕ್ಕ ಒಂದು ಕಟ್ಟಿಸಿ.