ಮ್ಯೂನಿಕ್‌ನಲ್ಲಿ ಬಿಟ್ಟುಕೊಟ್ಟದ್ದು

ಪ್ರಶ್ನೆ: 1938ರಲ್ಲಿ ಬ್ರಿಟನ್ ಪ್ರಧಾನಿ ಚೇಂಬರ್ಲೇನ್ ಹಿಟ್ಲರ್‌ಗೆ ಮಣಿದದ್ದು ಬರೀ ಹೆದರಿಕೆಯಿಂದಲಾ?

ಉತ್ತರ: ಬರೀ ಹೆದರಿಕೆ ಅನ್ನಲಾರೆ. ಮೊದಲ ಮಹಾಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಜನಕ್ಕೆ ಇನ್ನೊಂದು ಯುದ್ಧ ಬೇಡವಾಗಿತ್ತು, ವಾಯುಪಡೆಯೂ ಪೂರ್ತಿ ಸಜ್ಜಾಗಿರಲಿಲ್ಲ. ಆದರೂ ಜರ್ಮನಿಯ ಮ್ಯೂನಿಕ್ ನಗರದ ಆ ರಾತ್ರಿ ನೆನೆದರೆ ಸಂಕಟವಾಗುತ್ತದೆ. ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿಯ ನಾಯಕರು ಒಳಗೆ ಕೂತು ಚೆಕೊಸ್ಲೊವಾಕಿಯಾದ ಗಡಿ ಪ್ರದೇಶ ಸುಡೆಟನ್‌ಲ್ಯಾಂಡನ್ನು ಹಿಟ್ಲರ್‌ಗೆ ಬರೆದುಕೊಟ್ಟರು. ನೆಲ ಕಳೆದುಕೊಳ್ಳುವ ದೇಶದ ಪ್ರತಿನಿಧಿಗಳನ್ನೇ ಮಾತುಕತೆಗೆ ಸೇರಿಸಲಿಲ್ಲ, ಅವರು ಹೋಟೆಲಿನಲ್ಲಿ ಕಾಯುತ್ತಾ ಕೂತಿದ್ದರು. ಹೋದದ್ದು ಸುಮ್ನೆ ಒಂದು ತುಂಡು ನೆಲ ಅಲ್ಲ. ಗಡಿಯ ಬೆಟ್ಟಗಳು, ಅಲ್ಲಿ ಕಟ್ಟಿದ್ದ ಕಾಂಕ್ರೀಟ್ ಕೋಟೆಗಳು, ಎಲ್ಲ ಹೋದವು. ಚೇಂಬರ್ಲೇನ್ ವಿಮಾನದಿಂದಿಳಿದು ಬ್ರಿಟನ್, ಜರ್ಮನಿ ಮತ್ತೆಂದೂ ಯುದ್ಧಕ್ಕಿಳಿಯಬಾರದು ಎಂಬ ಆಶಯದ, ಹಿಟ್ಲರ್ ಸಹಿಯಿದ್ದ ಕಾಗದ ಎತ್ತಿ ತೋರಿಸಿದರು. ಆರು ತಿಂಗಳೂ ಆಗಿರಲಿಲ್ಲ, 1939ರ ಮಾರ್ಚ್ 15ರಂದು ಜರ್ಮನ್ ಸೇನೆ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ಗೆ ನುಗ್ಗಿತು. ತಡೆಯಲು ಆ ಕೋಟೆಗಳು ಇರಲಿಲ್ಲ.